ಟೈರಿನ ಬೆಲೆ ಮತ್ತು ಟೈರಿನ ವಯಸ್ಸು

ತೆರಿಗೆ, ಬ್ಯಾಂಕ್ ಸಾಲ, ಎ.ಪಿ.ಎಂ.ಸಿ. ಶುಲ್ಕ, ವಿದ್ಯುತ್ ದರ ಇವೇ ಮೊದಲಾದ ವಿಷಯಗಳನ್ನು ಈ ಮಾಸಪತ್ರಿಕೆಯಲ್ಲಿ ಓದುತ್ತ ಬಂದಿರುವ ಸದಸ್ಯ ಬಾಂಧವರಿಗೆ ಮೋಟಾರ್ ಸೈಕಲ್ಲಿನ ಟೈರಿನ ಕುರಿತಾದ ಲೇಖನ ಕೊಂಚ ಅಸಂಗತವೆಂದು ತೋರಬಹುದು. ಆದರೆ ಲೆಕ್ಕಪರಿಶೋಧಕನಾಗಿ ನಾನು ನೋಡುವ ಖರ್ಚಿನ ಚೀಟಿಗಳ ಕಟ್ಟಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಬಿಲ್ಲು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಕಿರಾಣಿ ಸಗಟು ಅಂಗಡಿಯ ‘ವಾಹನ ದುರಸ್ತಿ’ ಖಾತೆಯಲ್ಲಿ, ಟೆಂಪೋ ಟೈರಿನ ಬಿಲ್ಲುಗಳ ನಡುವೆ, ‘150/60 ಆರ್ 17’ ಎಂಬ ಬರಹವುಳ್ಳ ಒಂದು ಬಿಲ್ಲು. ಅದು ಟೆಂಪೋದ್ದಲ್ಲ, ಮಾಲೀಕರ ಚಿರಂಜೀವಿಯ ಸ್ಪೋರ್ಟ್ಸ್ ಬೈಕಿನದು ಎಂಬುದನ್ನು ತಿಳಿಯಲು ಹೆಚ್ಚಿನ ವಿಚಾರಣೆ ಬೇಕಾಗುವುದಿಲ್ಲ. ಅದನ್ನು ಖಾತೆಯಿಂದ ತೆಗೆದು ಮಾಲೀಕರ ಸ್ವಂತ ಖರ್ಚಿಗೆ ಹಾಕುವುದು ನನ್ನ ಕೆಲಸ. ಆ ಟೈರನ್ನು ಆರಿಸಿದ ರೀತಿಯ ಬಗ್ಗೆ ಮಾತನಾಡುವುದು ನನ್ನ ಕೆಲಸವಲ್ಲವಾದರೂ, ಹಲವು ಬಿಲ್ಲುಗಳನ್ನು ನೋಡಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಇಂಥ ಟೈರುಗಳ ಖರೀದಿಯಲ್ಲಿ ಎರಡು ಪಕ್ಷಗಳಿವೆ. ಮೊದಲನೆಯದು ತಂದೆಯರ ಪಕ್ಷ. ‘ರಬ್ಬರು ರಬ್ಬರೇ ಅಲ್ಲವೇ ಸಾಹೇಬರೇ, ಅದಕ್ಕೆ ಒಂಬತ್ತು ಸಾವಿರ ಏಕೆ ಸುರಿಯಬೇಕು’ ಎಂಬುದು ಅವರ ವಾದ. ಅಳತೆ ಹೊಂದಿದರೆ ಸಾಕು, ಎಲ್ಲಕ್ಕಿಂತ ಅಗ್ಗವಾದದ್ದನ್ನು ಹಾಕಿಸಿ ಎನ್ನುತ್ತಾರೆ. ಎರಡನೆಯದು ಮಕ್ಕಳ ಪಕ್ಷ. ರೇಸಿನ ಬೈಕುಗಳಲ್ಲಿ ಕಾಣುವಂಥ, ನುಣ್ಣಗೆ, ದಪ್ಪಗೆ, ಗೀರುಗಳೇ ಇಲ್ಲದಂತಿರುವ ಟೈರು ಬೇಕೆಂಬುದು ಅವರ ಹಟ. ಎಷ್ಟೋ ಮನೆಗಳಲ್ಲಿ ಈ ಎರಡು ಪಕ್ಷಗಳ ನಡುವೆ ತಾಯಂದಿರು ರಾಜಿ ಮಾಡಿಸುತ್ತಾರೆ. ರಾಜಿಯ ಫಲವಾಗಿ ಹಿಂದಕ್ಕೊಂದು ಜಾತಿಯ ಟೈರು, ಮುಂದಕ್ಕೆ ಹಳೆಯದೇ ಇನ್ನೊಂದು ಜಾತಿಯ ಟೈರು ಉಳಿದುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡೂ ಪಕ್ಷಗಳ ವಾದ ತಪ್ಪು, ರಾಜಿಯಂತೂ ಇನ್ನೂ ತಪ್ಪು.

ಮೊದಲು ಅಗ್ಗದ ಪಕ್ಷವನ್ನು ಪರಿಶೀಲಿಸೋಣ. ಒಂದು ಮೋಟಾರ್ ಸೈಕಲ್ಲಿನ ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಅಂಥ ಎರಡು ಅಂಗೈಗಳ ಮೇಲೆ ನಮ್ಮ ಮಕ್ಕಳು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಓಡಾಡುತ್ತಾರೆ. ವಾಣಿಜ್ಯ ಪದವೀಧರನಾದ ನನಗೆ ಭೌತಶಾಸ್ತ್ರ ದೂರದ ಬಂಧು. ಎಂಜಿನಿಯರಿಂಗ್ ಓದುತ್ತಿರುವ ಮಗಳಿಂದ ಬರೆಸಿಕೊಂಡ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಬೈಕುಗಳು ಅಕ್ಕಪಕ್ಕದಲ್ಲಿ ಬರುತ್ತಿವೆ ಎಂದುಕೊಳ್ಳಿ. ಒಂದರ ಟೈರಿಗೂ ರಸ್ತೆಗೂ ನಡುವಣ ಘರ್ಷಣಾಂಕ 0.8, ಇನ್ನೊಂದರದು 0.6 ಎಂದು ಹಿಡಿಯೋಣ. ಇಬ್ಬರೂ ಒಂದೇ ಕ್ಷಣದಲ್ಲಿ ಪೂರ್ಣವಾಗಿ ಬ್ರೇಕ್ ಹಿಡಿದರೆ ಮೊದಲನೆಯದು ಸುಮಾರು 31.5 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ ಸುಮಾರು 42 ಮೀಟರ್ ಬೇಕು. ಹತ್ತೂವರೆ ಮೀಟರಿನ ವ್ಯತ್ಯಾಸ ದೊಡ್ಡದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಮೊದಲನೆಯ ಬೈಕು ನಿಂತ ಜಾಗವನ್ನು ಎರಡನೆಯದು ಹಾಯುವಾಗ ಅದರ ವೇಗ ಎಷ್ಟಿರುತ್ತದೆ? ಗಂಟೆಗೆ 40 ಕಿ.ಮೀ. ಅಂದರೆ ಒಬ್ಬ ಸವಾರ ಲಾರಿಯ ಹಿಂಭಾಗದಿಂದ ಒಂದು ಗೇಣು ಹಿಂದೆ ನಿಂತಾಗ, ಇನ್ನೊಬ್ಬ ಅದೇ ಲಾರಿಗೆ 40 ಕಿ.ಮೀ. ವೇಗದಲ್ಲಿ ಬಡಿದಿರುತ್ತಾನೆ.

‘ಬೈಕಿಗೆ ಎ.ಬಿ.ಎಸ್. ಇದೆ, ಚಿಂತೆಯಿಲ್ಲ’ ಎಂಬ ಸಮಾಧಾನವನ್ನೂ ಕೇಳಿದ್ದೇನೆ. 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ, 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಲ್ಲಿ, 2019ರ ಏಪ್ರಿಲ್‌ನಿಂದ ಎಲ್ಲ ಮಾದರಿಗಳಲ್ಲಿ ಈ ವ್ಯವಸ್ಥೆ ಕಡ್ಡಾಯವಾಯಿತು. ಅದು ಒಳ್ಳೆಯ ನಿಯಮ. ಆದರೆ ಎ.ಬಿ.ಎಸ್. ಮಾಡುವ ಕೆಲಸ ಚಕ್ರ ಸಿಕ್ಕಿಹಾಕಿಕೊಂಡು ಜಾರದಂತೆ ತಡೆಯುವುದಷ್ಟೆ. ರಸ್ತೆಯ ಹಿಡಿತವನ್ನು ಅದು ಹುಟ್ಟಿಸಲಾರದು. ಟೈರು ಕೊಡುವ ಹಿಡಿತವನ್ನು ಅಚ್ಚುಕಟ್ಟಾಗಿ ಖರ್ಚು ಮಾಡಬಲ್ಲದು. ಖಾತೆಯಲ್ಲಿ ಹಣವಿಲ್ಲದಿದ್ದರೆ ಚೆಕ್ ಪುಸ್ತಕ ಎಷ್ಟು ಚೆನ್ನಾಗಿದ್ದರೇನು?

ಇನ್ನು ದುಡ್ಡಿನ ಲೆಕ್ಕ. ಟೈರಿನ ವಿಷಯದಲ್ಲಿ ನಾವು ಒಂದು ನಗದಿನ ಬೆಲೆಯನ್ನು ಇನ್ನೊಂದು ನಗದಿನ ಬೆಲೆಯೊಂದಿಗೆ ಹೋಲಿಸುತ್ತೇವೆಯೇ ಹೊರತು, ಅದು ಓಡುವ ದೂರದಿಂದ ಭಾಗಿಸಿ ನೋಡುವುದಿಲ್ಲ. ಕಾರ್ಖಾನೆಯಲ್ಲಿ ಒಂದು ಕತ್ತರಿಸುವ ಬ್ಲೇಡನ್ನು ಕೊಳ್ಳುವಾಗ ಎಷ್ಟು ಜಾಬ್ ಬರುತ್ತದೆಂದು ಕೇಳುವ ನಮ್ಮ ಸಣ್ಣ ಉದ್ಯಮಿಗಳೇ ಟೈರಿನ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಮರೆಯುತ್ತಾರೆ. ಉದಾಹರಣೆಗೆಂದು, ಕೇವಲ ಉದಾಹರಣೆಗೆಂದು, ಮೂರು ಹಿಂದಿನ ಟೈರುಗಳನ್ನು ಇಟ್ಟುಕೊಳ್ಳೋಣ. ಗಟ್ಟಿ ರಬ್ಬರಿನ ಅಗ್ಗದ ಟೈರು 4,500 ರೂಪಾಯಿ, 18,000 ಕಿ.ಮೀ. ಓಡುತ್ತದೆ: ಕಿಲೋಮೀಟರಿಗೆ 25 ಪೈಸೆ. ರಸ್ತೆಗೆಂದೇ ಮಾಡಿದ ಒಳ್ಳೆಯ ರೇಡಿಯಲ್ ಟೈರು 9,000 ರೂಪಾಯಿ, 15,000 ಕಿ.ಮೀ.: 60 ಪೈಸೆ. ರೇಸ್ ಪಥಕ್ಕೆ ಹತ್ತಿರವಾದ ಮೃದು ಟೈರು 14,000 ರೂಪಾಯಿ, 5,000 ಕಿ.ಮೀ.: 2 ರೂಪಾಯಿ 80 ಪೈಸೆ. ಈಗ ಪೆಟ್ರೋಲನ್ನು ನೋಡಿ. ಲೀಟರಿಗೆ ನೂರು ರೂಪಾಯಿ, ಲೀಟರಿಗೆ 30 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ 3 ರೂಪಾಯಿ 33 ಪೈಸೆ. ಅಗ್ಗದ ಟೈರಿಗೂ ಒಳ್ಳೆಯ ಟೈರಿಗೂ ಇರುವ ಅಂತರ 35 ಪೈಸೆ, ಅಂದರೆ ಪೆಟ್ರೋಲ್ ಖರ್ಚಿನ ಸುಮಾರು ಹತ್ತನೆಯ ಒಂದು ಭಾಗ. ಮಗ ಕಾಲೇಜಿನ ಮುಂದೆ ಸುಮ್ಮನೆ ಎಂಜಿನ್ ಗುಡುಗಿಸಿ ಸುಡುವ ಪೆಟ್ರೋಲಿನಲ್ಲೇ ಅದರ ಒಂದು ಪಾಲು ಬಂದೀತು. ಮೂರನೆಯದಂತೂ ಪೆಟ್ರೋಲಿನ ಖರ್ಚಿಗೇ ಸಮೀಪಿಸುತ್ತದೆ. ಓದುಗರು ತಮ್ಮ ಊರಿನ ದರ, ತಮ್ಮ ಬೈಕಿನ ಓಟವನ್ನು ಹಾಕಿಕೊಂಡು ಈ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಅಂಕಿಗಳು ಬದಲಾದಾವು, ಕ್ರಮ ಬದಲಾಗುವ ಸಂಭವ ಕಡಿಮೆ.

ಮಕ್ಕಳ ಪಕ್ಷದವರು ಇಲ್ಲಿ ಒಂದು ಮಾತು ಎತ್ತುತ್ತಾರೆ. ಖರ್ಚು ಹೆಚ್ಚಾದರೂ ರೇಸಿನ ಟೈರಿನಲ್ಲಿ ಹಿಡಿತ ಹೆಚ್ಚು, ಅಂದ ಮೇಲೆ ನೀವು ಹೇಳಿದ ಲೆಕ್ಕದ ಪ್ರಕಾರ ಅದೇ ಹೆಚ್ಚು ಸುರಕ್ಷಿತವಲ್ಲವೇ ಎಂದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬಿಸಿಯಲ್ಲಿದೆ. ರೇಸಿನ ರಬ್ಬರು ತನ್ನ ಗುಣವನ್ನು ತೋರುವುದು ಚೆನ್ನಾಗಿ ಕಾದ ಮೇಲೆ. ಆದ್ದರಿಂದಲೇ ರೇಸ್ ತಂಡಗಳು ಸ್ಪರ್ಧೆಗೆ ಮುನ್ನ ಟೈರುಗಳಿಗೆ ವಿದ್ಯುತ್ತಿನ ಕಂಬಳಿ ಹೊದಿಸಿ ಕಾಯಿಸುತ್ತವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಸುತ್ತು ಹೊಡೆಯುವವನಿಗೆ ಆ ಬಿಸಿ ಸಿಗುತ್ತದೆ. ನಮ್ಮ ಊರಿನಲ್ಲಿ ಬೆಳಗಿನ ಏಳು ಗಂಟೆಗೆ ಮನೆಯಿಂದ ಹೊರಟು, ಮೂರು ಸಿಗ್ನಲ್, ನಾಲ್ಕು ಹಂಪು, ಒಂದು ಎಮ್ಮೆ ಹಿಂಡು ದಾಟಿ ಕಾಲೇಜು ಸೇರುವವನಿಗೆ ಸಿಗುವುದಿಲ್ಲ. ತಣ್ಣಗಿರುವ ರೇಸ್ ಟೈರು ಸಾಮಾನ್ಯ ಟೈರಿಗಿಂತ ಕಡಿಮೆ ಹಿಡಿತ ಕೊಡಬಹುದು. ಜೊತೆಗೆ ಗೀರುಗಳು ಕಡಿಮೆಯಿರುವುದರಿಂದ ಮಳೆನೀರನ್ನು ಹೊರದೂಡುವ ದಾರಿ ಅದಕ್ಕಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಜುಲೈ ತಿಂಗಳ ಮಳೆಯನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ರಸ್ತೆಗೆ ಸಲ್ಲುವ ಟೈರು ಈ ಎರಡರ ನಡುವಿನದು. ಇಂಗ್ಲಿಷಿನಲ್ಲಿ ಇದನ್ನು ಸ್ಪೋರ್ಟ್ ಟೂರಿಂಗ್ ಎನ್ನುತ್ತಾರೆ. ಇಂಥವುಗಳಲ್ಲಿ ಹಲವಕ್ಕೆ ಎರಡು ಬಗೆಯ ರಬ್ಬರನ್ನು ಬಳಸಿರುತ್ತಾರೆ: ನೇರ ಓಡುವಾಗ ಸವೆಯುವ ನಡುಭಾಗ ಗಟ್ಟಿ, ತಿರುವಿನಲ್ಲಿ ವಾಲಿದಾಗ ರಸ್ತೆ ಹಿಡಿಯುವ ಅಂಚುಗಳು ಮೃದು. ರಬ್ಬರಿಗೆ ಸಿಲಿಕಾ ಬೆರೆಸುವುದರಿಂದ ಒದ್ದೆ ರಸ್ತೆಯಲ್ಲೂ ತಣ್ಣನೆಯ ಬೆಳಗಿನಲ್ಲೂ ಹಿಡಿತ ಸಿಗುತ್ತದೆ. ನೆರೆಯ ಹೊಸೂರಿನ ಟಿ.ವಿ.ಎಸ್. ಕಂಪನಿ 2017ರ ಡಿಸೆಂಬರಿನಲ್ಲಿ ತನ್ನ ಅಪಾಚೆ ಆರ್.ಆರ್. 310 ಬೈಕನ್ನು ಮಿಶೆಲಿನ್ ಪೈಲಟ್ ಸ್ಟ್ರೀಟ್ ಟೈರುಗಳೊಂದಿಗೆ ಹೊರತಂದಿತು. 2020ರಲ್ಲಿ ಅದೇ ಬೈಕನ್ನು ಸುಧಾರಿಸಿದಾಗ ಹಾಕಿದ್ದು ಮಿಶೆಲಿನ್ ರೋಡ್ 5. ರೇಸಿನ ಪರಂಪರೆಯನ್ನು ಹೇಳಿಕೊಳ್ಳುವ ಕಂಪನಿ, ರೇಸಿನ ಹೋಲಿಕೆಯ ಬೈಕು, ಆದರೂ ಆರಿಸಿದ್ದು ರೇಸಿನ ಟೈರನ್ನಲ್ಲ, ದೂರ ಪ್ರಯಾಣದ ರಸ್ತೆ ಟೈರನ್ನು. ತಮಗೆ ಗೊತ್ತಿರುವುದಕ್ಕಿಂತ ಕಂಪನಿಯ ಎಂಜಿನಿಯರುಗಳಿಗೆ ಹೆಚ್ಚು ಗೊತ್ತಿರಬಹುದೆಂದು ಮಕ್ಕಳು ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ದಪ್ಪ ಟೈರಿನ ಮೋಹದ ಬಗ್ಗೆಯೂ ಒಂದು ಮಾತು. ಯಮಹಾ ಆರ್ 15 ನಮ್ಮ ದೇಶಕ್ಕೆ 2008ರಲ್ಲಿ ಬಂದಾಗ ಅದರ ಹಿಂದಿನ ಟೈರಿನ ಅಗಲ ಕೇವಲ 100 ಮಿ.ಮೀ. ನೋಡಲು ಕೃಶವಾಗಿದೆಯೆಂದು ಹುಡುಗರು ಅದೇ ರಿಮ್ಮಿಗೆ ದಪ್ಪ ಟೈರುಗಳನ್ನು ಏರಿಸತೊಡಗಿದರು. 2011ರ ಎರಡನೆಯ ಆವೃತ್ತಿಯಲ್ಲಿ ಕಂಪನಿಯೇ 130 ಮಿ.ಮೀ. ರೇಡಿಯಲ್ ಕೊಟ್ಟಿತು, 2018ರಲ್ಲಿ 140ಕ್ಕೆ ಏರಿಸಿತು. ‘ನೋಡಿ, ನಾವು ಮಾಡಿದ್ದನ್ನೇ ಕಂಪನಿ ಮಾಡಿತು’ ಎಂದು ಹುಡುಗರು ಹೇಳುವುದುಂಟು. ಕಂಪನಿ ಟೈರಿನೊಂದಿಗೆ ರಿಮ್ಮನ್ನೂ ಹಿಂದಿನ ಸ್ವಿಂಗ್ ಆರ್ಮನ್ನೂ ಬದಲಿಸಿತೆಂಬುದನ್ನು ಅವರು ಹೇಳುವುದಿಲ್ಲ. ಕಿರಿದಾದ ರಿಮ್ಮಿನಲ್ಲಿ ಅಗಲ ಟೈರನ್ನು ತುರುಕಿದರೆ ಅದರ ಬದಿಗಳು ಒತ್ತಿಕೊಂಡು ನೆತ್ತಿ ಉಬ್ಬುತ್ತದೆ; ಬೈಕು ತಿರುಗಲು ಮೊಂಡು ಹಿಡಿಯುತ್ತದೆ, ಮೈಲೇಜೂ ಇಳಿಯುತ್ತದೆ. ಹಣ ಕೊಟ್ಟು ಹಿಡಿತವನ್ನು ಕಡಿಮೆ ಮಾಡಿಕೊಳ್ಳುವ ವ್ಯಾಪಾರ ಇದೊಂದೇ ಇರಬೇಕು. ಬೈಕಿನ ಜೊತೆ ಬಂದ ಅಳತೆಯನ್ನೇ ಹಾಕಿಸುವುದು ಉತ್ತಮ.

ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಓದುವುದು ಕಷ್ಟದ ವಿದ್ಯೆಯೇನಲ್ಲ. ನಮ್ಮ ಸದಸ್ಯರು ಎಚ್.ಎಸ್.ಎನ್. ಸಂಕೇತಗಳನ್ನೇ ಬಾಯಿಪಾಠ ಮಾಡಿದವರು. ‘150/60 ಆರ್ 17, 66 ಎಚ್’ ಎಂದಿದ್ದರೆ ಅಗಲ 150 ಮಿ.ಮೀ., ಬದಿಯ ಎತ್ತರ ಅದರ ಶೇ. 60 ಅಂದರೆ 90 ಮಿ.ಮೀ., ಆರ್ ಎಂದರೆ ರೇಡಿಯಲ್, ರಿಮ್ಮು 17 ಅಂಗುಲ. 66 ಎಂಬುದು ಭಾರದ ಸಂಕೇತ, 300 ಕಿಲೋ. ಕೊನೆಯ ಎಚ್ ವೇಗದ ಸಂಕೇತ, ಗಂಟೆಗೆ 210 ಕಿ.ಮೀ. ಇದೇ ಜಾಗದಲ್ಲಿ ಪಿ ಇದ್ದರೆ 150, ಎಸ್ ಇದ್ದರೆ 180, ವಿ ಇದ್ದರೆ 240. ನಮ್ಮ ಮಗ 210ರಲ್ಲಿ ಓಡಿಸುವುದಿಲ್ಲ, ಆದ್ದರಿಂದ ಪಿ ಸಾಕು ಎಂಬ ತರ್ಕ ಸರಿಯಲ್ಲ. ಬೈಕಿನ ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನ ಸಂಕೇತದ ಟೈರನ್ನು ಹಾಕಿಸಬಾರದು, ಏಕೆಂದರೆ ಆ ಸಂಕೇತ ಟೈರು ತಾಳಬಲ್ಲ ಬಿಸಿ ಮತ್ತು ಒತ್ತಡದ ಅಳತೆಯೂ ಹೌದು. ಬದಿಯಲ್ಲಿ ಗರಿಷ್ಠ ಗಾಳಿಯ ಒತ್ತಡವೂ ಅಚ್ಚಾಗಿರುತ್ತದೆ. ಗಾಳಿ ಹಾಕುವ ಹುಡುಗ ಅದನ್ನೇ ಓದಿ ತುಂಬಿಸದಂತೆ ನೋಡಿಕೊಳ್ಳಬೇಕು. ತುಂಬಬೇಕಾದ ಒತ್ತಡ ಬೈಕಿನ ಕೈಪಿಡಿಯಲ್ಲಿದೆ. ಐ.ಎಸ್.ಐ. ಗುರುತೂ ಇರಲೇಬೇಕು, 2009ರ ಗುಣಮಟ್ಟ ನಿಯಂತ್ರಣ ಆದೇಶದ ಫಲವಾಗಿ ಅದು ಕಡ್ಡಾಯವಾಗಿದ್ದು, ದ್ವಿಚಕ್ರ ಮತ್ತು ತ್ರಿಚಕ್ರ ಟೈರುಗಳಿಗೆ ಐ.ಎಸ್. 15627 ಎಂಬ ಮಾನಕವಿದೆ.

ಇಷ್ಟೆಲ್ಲ ಬರಹಗಳ ನಡುವೆ ಎಲ್ಲಕ್ಕಿಂತ ಮುಖ್ಯವಾದ ನಾಲ್ಕು ಅಂಕಿಗಳನ್ನು ಯಾರೂ ಓದುವುದಿಲ್ಲ. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಆ ಅಂಕಿಗಳೇ. ಟೈರಿನ ಬದಿಯಲ್ಲಿ ಒಂದು ಸಣ್ಣ ದೀರ್ಘವೃತ್ತದೊಳಗೆ ‘3521’ ಎಂಬಂತೆ ಬರೆದಿರುತ್ತದೆ. ಮೊದಲ ಎರಡು ಅಂಕಿ ವಾರ, ಕೊನೆಯೆರಡು ವರ್ಷ. 2021ರ 35ನೆಯ ವಾರ, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭದಲ್ಲಿ ತಯಾರಾದ ಟೈರು ಎಂದರ್ಥ. ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು, ಶಾಖ ಇವು ಅದನ್ನು ನಿಧಾನವಾಗಿ ಗಟ್ಟಿ ಮಾಡುತ್ತವೆ. ಗ್ರೂವ್ ಪೂರ್ಣವಾಗಿ ಉಳಿದಿದ್ದರೂ ಹಿಡಿತ ಹೋಗಿರುತ್ತದೆ. ಐದು ವರ್ಷ ಬಳಸಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಜ್ಞರಿಗೆ ತೋರಿಸಬೇಕು, ತಯಾರಾಗಿ ಹತ್ತು ವರ್ಷವಾದ ಟೈರು ಹೊಸದರಂತೆ ಕಂಡರೂ ತೆಗೆದುಹಾಕಬೇಕು ಎಂದು ಮಿಶೆಲಿನ್ ಸಂಸ್ಥೆ ತನ್ನ ಟೈರುಗಳ ಬಗ್ಗೆ ಹೇಳುತ್ತದೆ. ಗೋದಾಮಿನಲ್ಲಿ ತಂಪಾಗಿ, ನೆರಳಿನಲ್ಲಿ ಇಟ್ಟ ಟೈರು ಓಡುವ ಟೈರಿಗಿಂತ ನಿಧಾನವಾಗಿ ಮುಪ್ಪಾಗುತ್ತದೆ, ನಿಜ. ಆದರೆ ತಗಡಿನ ಮಾಡಿನ ಕೆಳಗೆ, ವೆಲ್ಡಿಂಗ್ ಅಂಗಡಿಯ ಪಕ್ಕ, ಏಪ್ರಿಲ್ ಬಿಸಿಲಿನಲ್ಲಿ ಬಾಗಿಲ ಮುಂದೆ ಸಾಲಾಗಿ ತೂಗುಹಾಕಿದ ಟೈರುಗಳಿಗೆ ಈ ಮಾತು ಅನ್ವಯಿಸುವುದೇ ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರೇ ಹೇಳಲಿ.

ಒಮ್ಮೆ ದಾಸ್ತಾನು ಪರಿಶೀಲನೆಯ ಸಂದರ್ಭದಲ್ಲಿ, ಯಾವ ಊರು, ಯಾವ ಅಂಗಡಿ ಎಂಬುದನ್ನು ಹೇಳಲು ವೃತ್ತಿಧರ್ಮ ಬಿಡದು, ಸ್ಪೋರ್ಟ್ಸ್ ಬೈಕಿನ ಆರು ರೇಡಿಯಲ್ ಟೈರುಗಳನ್ನು ಎಣಿಸಿದೆ. ಅವುಗಳಲ್ಲಿ ನಾಲ್ಕರ ವಯಸ್ಸು ನಾಲ್ಕು ವರ್ಷ ದಾಟಿತ್ತು. ಬೆಲೆಪಟ್ಟಿಯಲ್ಲಿ ಅವುಗಳಿಗೆ ಆ ತಿಂಗಳ ಹೊಸ ದರ ನಮೂದಾಗಿತ್ತು. ಮಾಲೀಕರು ಮೋಸಗಾರರಲ್ಲ, ನಿಯತ್ತಿನ ಮನುಷ್ಯ. ಅವರ ಕಷ್ಟ ಬೇರೆ. ಸ್ಕೂಟರಿನ ಟೈರು ವಾರಕ್ಕೆ ಇಪ್ಪತ್ತು ಹೋಗುತ್ತದೆ, ದಾಸ್ತಾನು ತಾನಾಗಿಯೇ ತಿರುಗುತ್ತದೆ. ಸ್ಪೋರ್ಟ್ಸ್ ಬೈಕಿನ ಟೈರು ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ತಿಂಗಳಿಗೆ ಒಂದೋ ಎರಡೋ ಹೋದರೆ ಹೆಚ್ಚು. ಅಳತೆಗಳೋ ಹಲವು: 110/70, 130/70, 140/70, 150/60, ಅವುಗಳಲ್ಲಿ ಮತ್ತೆ ಎರಡು ಮೂರು ಕಂಪನಿ. ಎಲ್ಲದರಲ್ಲೂ ಒಂದೊಂದು ಜೊತೆ ಇಡದಿದ್ದರೆ ಗಿರಾಕಿ ಬೆಂಗಳೂರಿಗೆ ಹೋಗುತ್ತಾನೆ. ಇಟ್ಟರೆ ಬಂಡವಾಳ ಗೋಡೆಗೆ ಒರಗಿ ಕೂರುತ್ತದೆ. ಹೊಸ ಮಾಲು ಬಂದಾಗ ಅದನ್ನು ಮುಂದಿಡುವುದು, ಹಳೆಯದು ಹಿಂದೆ ಸರಿಯುವುದು ಸಹಜವಾಗಿ ನಡೆಯುತ್ತದೆ. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ನಿಯಮ ನಮ್ಮ ಲೆಕ್ಕದ ಪುಸ್ತಕದಲ್ಲಿ ಉಳಿದು, ಗೋದಾಮಿನಲ್ಲಿ ತಲೆಕೆಳಗಾಗುತ್ತದೆ.

ಲೆಕ್ಕಪತ್ರ ಮಾನಕದ ಪ್ರಕಾರ ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ನಾಲ್ಕು ವರ್ಷದ ಟೈರಿಗೆ ಹೊಸ ಟೈರಿನ ಬೆಲೆ ಸಿಗುವುದು ಗಿರಾಕಿಗೆ ಆ ನಾಲ್ಕು ಅಂಕಿಗಳನ್ನು ಓದಲು ಬಾರದಿದ್ದಾಗ ಮಾತ್ರ. ಓದಲು ಬಂದ ದಿನ ಅದರ ಬೆಲೆ ಇಳಿಯುತ್ತದೆ. ಹೀಗೆ ಗಿರಾಕಿಯ ಅಜ್ಞಾನವನ್ನೇ ಆಸ್ತಿಯೆಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವುದು ಲೆಕ್ಕಪರಿಶೋಧಕನಾಗಿ ನನಗೆ ಸಮ್ಮತವಲ್ಲ. ಅದು ಬಹುಕಾಲ ನಡೆಯುವ ಆಸ್ತಿಯೂ ಅಲ್ಲ, ಏಕೆಂದರೆ ಹುಡುಗರು ಈಗೀಗ ಓದಲು ಕಲಿತಿದ್ದಾರೆ. ಓದಬಲ್ಲವನು ಬೆಂಗಳೂರಿನಿಂದ ತರಿಸಿಕೊಳ್ಳುತ್ತಾನೆ, ಓದಲಾರದವನು ಮಾತ್ರ ನಮ್ಮ ಅಂಗಡಿಗೆ ಬರುತ್ತಾನೆ ಎಂಬ ಸ್ಥಿತಿ ಸ್ಥಳೀಯ ವ್ಯಾಪಾರಕ್ಕೆ ಕ್ಷೇಮವೇ?

ಮಾಲು ಸಿಗದ ಕಾರಣದಿಂದ ಹಳೆಯದನ್ನು ಇಟ್ಟುಕೊಳ್ಳಬೇಕಾಯಿತು ಎಂಬ ಸಮಜಾಯಿಷಿಗೆ ಒಂದು ಕಾಲದಲ್ಲಿ ಆಧಾರವಿತ್ತು. 2020ರ ಜೂನ್ 12ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ, ಮೋಟಾರ್ ಸೈಕಲ್ ಟೈರುಗಳೂ ಅದರಲ್ಲಿ ಸೇರಿದ್ದವು. ಪರವಾನಗಿಯಿಲ್ಲದೆ ತರಿಸುವಂತಿಲ್ಲವಾದ ಕಾರಣ ಯೂರೋಪಿನ ಹೆಸರಾಂತ ಟೈರುಗಳು ವಿರಳವಾದವು, ಇದ್ದವುಗಳ ಬೆಲೆ ಏರಿತು. ಸ್ವದೇಶಿ ಉದ್ಯಮಕ್ಕೆ ಅದರಿಂದ ಉಸಿರಾಡಲು ಅವಕಾಶ ಸಿಕ್ಕಿತೆಂಬುದೂ ನಿಜ. ಎಂ.ಆರ್.ಎಫ್., ಅಪೋಲೊ, ಮಧುರೆಯ ಟಿ.ವಿ.ಎಸ್. ಶ್ರೀಚಕ್ರದ ಯೂರೋಗ್ರಿಪ್, ಇವರೆಲ್ಲ ಇಂದು ಸ್ಪೋರ್ಟ್ಸ್ ಬೈಕಿಗೆ ಹೊಂದುವ ರೇಡಿಯಲ್ ಟೈರುಗಳನ್ನು ದೇಶದಲ್ಲೇ ತಯಾರಿಸುತ್ತಿದ್ದಾರೆ. ಗ್ರಾಹಕನ ಆಯ್ಕೆಯನ್ನು ಕಿರಿದು ಮಾಡಿ ಉದ್ಯಮವನ್ನು ಬೆಳೆಸುವ ನೀತಿಯ ಬಗ್ಗೆ ನನಗೆ ಪೂರ್ಣ ಸಹಮತವಿಲ್ಲ. ಆದರೆ ಫಲ ಕಣ್ಣೆದುರಿಗಿರುವಾಗ ಅಲ್ಲಗಳೆಯಲೂ ಆಗದು. ನಮ್ಮ ರಾಜ್ಯದ ಮಟ್ಟಿಗೆ ಒಂದು ವಿಷಾದ ಉಳಿಯುತ್ತದೆ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್ ಕೈ ಸೇರಿ ಉಳಿದುಕೊಂಡಿತು. ಅದೇ ಮೈಸೂರಿನಲ್ಲಿ ಡನ್‌ಲಪ್ ಹೆಸರಿನ ದ್ವಿಚಕ್ರ ಟೈರುಗಳನ್ನು ತಯಾರಿಸುತ್ತಿದ್ದ ಫಾಲ್ಕನ್ ಟೈರ್ಸ್ ಮಾತ್ರ 2010ರ ದಶಕದಲ್ಲಿ ಬಾಗಿಲು ಮುಚ್ಚಿತು. ದ್ವಿಚಕ್ರ ಟೈರಿನ ಬೇಡಿಕೆ ಏರುತ್ತಿದ್ದ ಕಾಲದಲ್ಲೇ ಅಂಥ ಕಾರ್ಖಾನೆ ನಿಂತುಹೋದದ್ದು ಮಾರುಕಟ್ಟೆಯ ದೋಷವೆಂದು ನನಗೆ ಅನ್ನಿಸುವುದಿಲ್ಲ.

ತೆರಿಗೆಯ ಮಾತಿಲ್ಲದೆ ನನ್ನ ಲೇಖನ ಪೂರ್ಣವಾಗದೆಂದು ಓದುಗರಿಗೆ ಗೊತ್ತು. 2017ರ ಜುಲೈ 1ರಿಂದ ಹೊಸ ಟೈರುಗಳ ಮೇಲೆ ಶೇ. 28 ಜಿ.ಎಸ್.ಟಿ. ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ತೆರಿಗೆಗೆ ಮುನ್ನ 7,000 ರೂಪಾಯಿಯಿದ್ದ ಟೈರು ಮೊದಲು 8,960 ಆಗುತ್ತಿತ್ತು, ಆ ಬಳಿಕ 8,260. ಆ 700 ರೂಪಾಯಿಯನ್ನು ಉಳಿತಾಯವೆಂದು ಜೇಬಿಗೆ ಹಾಕದೆ ಒಂದು ಮೆಟ್ಟಿಲು ಮೇಲಿನ ಟೈರಿಗೆ ಸೇರಿಸಿರೆಂದು ನನ್ನ ಸಲಹೆ. ಮಗನ ಬೈಕಿನ ಟೈರಿನ ತೆರಿಗೆಯನ್ನು ಅಂಗಡಿಯ ಜಮೆಗೆ ಪಡೆಯಲು ಬರುವುದಿಲ್ಲ, ಏಕೆಂದರೆ ಅದು ವ್ಯವಹಾರಕ್ಕಾಗಿ ಬಳಸಿದ ಸರಕಲ್ಲ. ಅಂಗಡಿಯ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡ ಮಾತ್ರಕ್ಕೆ ಬೈಕು ವ್ಯವಹಾರದ್ದಾಗುವುದಿಲ್ಲವೆಂದು ಪ್ರತಿ ವರ್ಷವೂ ಹೇಳಬೇಕಾಗಿ ಬಂದಿದೆ.

ವಿಮೆಯ ವಿಷಯವೂ ಹಾಗೆಯೇ. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಟೈರು ಮಾತ್ರ ಹಾಳಾದರೆ ಪರಿಹಾರವಿಲ್ಲ. ವಾಹನಕ್ಕೂ ಅದೇ ಸಮಯದಲ್ಲಿ ಹಾನಿಯಾದರೆ ಮಾತ್ರ, ಅದೂ ಹೊಸ ಟೈರಿನ ವೆಚ್ಚದ ಶೇ. 50ರವರೆಗೆ. ವಾಹನವನ್ನು ಸುಸ್ಥಿತಿಯಲ್ಲಿ ಇಡಲು ತಕ್ಕ ಕ್ರಮಗಳನ್ನು ಕೈಗೊಳ್ಳುವುದು ಮಾಲೀಕನ ಹೊಣೆಯೆಂಬ ಷರತ್ತೂ ಅದೇ ಕಾಗದದಲ್ಲಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ಟೈರಿನ ಗ್ರೂವ್ ಆಳ 0.8 ಮಿ.ಮೀ.ಗಿಂತ ಕಡಿಮೆಯಾಗಬಾರದು. ಇದು ಕಾನೂನಿನ ಕನಿಷ್ಠ. ಘಟ್ಟದ ಮಳೆಗೆ ಇದು ಏನೇನೂ ಸಾಲದು. ಮಳೆಗಾಲಕ್ಕೆ ಮುನ್ನ ಬದಲಿಸಬೇಕೆಂದಿರುವ ಟೈರನ್ನು ‘ಇನ್ನೆರಡು ತಿಂಗಳು ಓಡಲಿ’ ಎಂದು ಉಳಿಸುವವರು ತಪ್ಪು ಎರಡು ತಿಂಗಳನ್ನು ಆರಿಸಿಕೊಂಡಿರುತ್ತಾರೆ. ಹೊಸ ಟೈರು ಹಾಕಿಸಿದ ಮೇಲೆ ಮೊದಲ ನೂರು ನೂರೈವತ್ತು ಕಿ.ಮೀ. ನಿಧಾನವಾಗಿ ಓಡಿಸಬೇಕು, ಹೊಸ ರಬ್ಬರಿನ ಮೇಲ್ಮೈ ಜಾರುತ್ತದೆ. ಸಾಧ್ಯವಿದ್ದಷ್ಟೂ ಮುಂದಿನದು ಹಿಂದಿನದು ಒಂದೇ ಕಂಪನಿಯ ಒಂದೇ ಜಾತಿಯ ಜೋಡಿಯಾಗಿರಲಿ.

ನಮ್ಮ ಸಂಸ್ಥೆಯ ಟೈರು ವ್ಯಾಪಾರಿ ಸದಸ್ಯರ ಮುಂದೆ ಒಂದು ಸೂಚನೆಯನ್ನು ಇಡಬಯಸುತ್ತೇನೆ. ದ್ವಿಚಕ್ರ ವಾಹನದ ಪ್ರತಿ ಟೈರಿನ ಬಿಲ್ಲಿನಲ್ಲಿ ಅಳತೆಯ ಪಕ್ಕದಲ್ಲೇ ಆ ನಾಲ್ಕು ಅಂಕಿಗಳನ್ನು ನಮೂದಿಸಬೇಕು. ಎರಡು ವರ್ಷ ಮೀರಿದ ಟೈರಿದ್ದರೆ ಗಿರಾಕಿಗೆ ಬಾಯಿಬಿಟ್ಟು ಹೇಳಿ, ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಬೇಕು. ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯ ಮೇಲೆ ತೆರಿಗೆ ಬೀಳುವುದಿಲ್ಲವಾದ್ದರಿಂದ ವ್ಯಾಪಾರಿಗೂ ನಷ್ಟವಿಲ್ಲ. ವಾರಂಟಿಯ ತಕರಾರು ಬಂದಾಗ ಯಾವ ಟೈರು ಯಾರಿಗೆ ಹೋಯಿತೆಂಬ ಪುರಾವೆಯೂ ಇದರಿಂದ ಸಿಗುತ್ತದೆ. ಇಷ್ಟನ್ನು ಒಬ್ಬರೇ ಮಾಡಿದರೆ ಪಕ್ಕದ ಅಂಗಡಿಗೆ ಗಿರಾಕಿ ಹೋದಾನೆಂಬ ಭಯ ಸಹಜ. ಆದ್ದರಿಂದಲೇ ಒಬ್ಬೊಬ್ಬರಿಂದ ಆಗದ್ದನ್ನು ಸಂಸ್ಥೆಯ ಮೂಲಕ ಎಲ್ಲರೂ ಒಂದೇ ದಿನ ಆರಂಭಿಸಬೇಕೆನ್ನುವುದು.

‘ಪ್ರತಿ ಬಿಲ್ಲಿಗೂ ಟೈರು ತಿರುಗಿಸಿ ನಂಬರು ಹುಡುಕುತ್ತ ಕೂತರೆ ವ್ಯಾಪಾರ ಮಾಡುವುದು ಯಾವಾಗ’ ಎಂದು ಒಬ್ಬ ಹಿರಿಯ ವ್ಯಾಪಾರಿಗಳು ಈಗಾಗಲೇ ಕೇಳಿದ್ದಾರೆ. ಮಾಲು ಇಳಿಸುವಾಗ ಒಮ್ಮೆ ಬರೆದಿಟ್ಟರೆ ಸಾಕು. ನಮ್ಮಲ್ಲಿ ಹೆಚ್ಚಿನವರು ಬಳಸುವ ಟ್ಯಾಲಿ ತಂತ್ರಾಂಶದಲ್ಲಿ ಬ್ಯಾಚ್ ಮತ್ತು ತಯಾರಿಕೆಯ ದಿನಾಂಕದ ಕಾಲಂ ಇದ್ದೇ ಇದೆ; ಔಷಧಿ ಅಂಗಡಿಯವರು ಇಂಥದ್ದನ್ನು ವರ್ಷಗಳಿಂದ ಬಳಸುತ್ತಿದ್ದಾರೆ. ಟೈರಿನ ದಾಸ್ತಾನು ಖಾತೆಯಲ್ಲಿ ಅದನ್ನು ಚಾಲ್ತಿಗೊಳಿಸಲು ಹೆಚ್ಚಿನ ಸಮಯ ಬೇಕಾಗುವುದಿಲ್ಲ, ಪ್ರತ್ಯೇಕ ಖರ್ಚೂ ಇಲ್ಲ. ಬೇಕಾದವರಿಗೆ ನಮ್ಮ ಕಚೇರಿಯ ಹುಡುಗರು ಬಂದು ಮಾಡಿಕೊಡುತ್ತಾರೆ.